ವಜ್ರದ ಒಡವೆಗೆ ಆಕಾರ ಆರಿಸುವುದು ಹೇಗೆ: ಮೂಗುಬೊಟ್ಟಿನಿಂದ ಉಂಗುರದವರೆಗೆ

ವಜ್ರ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕೇಳುವುದು 'ಬಜೆಟ್ ಎಷ್ಟು?' ಅಂತ. ಆಮೇಲೆ 'ಎಷ್ಟು ಸೆಂಟ್ ಬೇಕು?'. ಅದಾದ ಮೇಲೆ ಬಣ್ಣ, ಕ್ಲಾರಿಟಿ (ಒಳಗೆ ಕಲೆ ಎಷ್ಟಿದೆ ಅನ್ನುವುದು). ಆಕಾರದ ಮಾತು ಬರುವುದು ಕೊನೆಗೆ, ಟ್ರೇ ಕಣ್ಣ ಮುಂದೆ ಬಂದ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಕಾರ ಮೊದಲು ನಿರ್ಧಾರವಾದರೆ ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ. ಹರಳು ಎಷ್ಟು ದೊಡ್ಡದಾಗಿ ಕಾಣುತ್ತದೆ, ಯಾವ ಗ್ರೇಡ್‌ಗೆ ದುಡ್ಡು ಕೊಡಬೇಕು, ಯಾವುದಕ್ಕೆ ಸುಮ್ನೆ ಕೊಡುವುದು ಬೇಡ, ಚಿನ್ನದಲ್ಲಿ ಹೇಗೆ ಕೂರಿಸಬೇಕು, ಮುಂದೆ ಮಾರುವಾಗ ಏನಾಗುತ್ತದೆ, ಇವೆಲ್ಲ ಆಕಾರಕ್ಕೆ ಕಟ್ಟಿಕೊಂಡಿವೆ.

ಶುರು ಮಾಡುವ ಮುಂಚೆ ಎರಡು ವಿಷಯ. ವಜ್ರದ ತೂಕ ಕ್ಯಾರೆಟ್‌ನಲ್ಲಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದನ್ನೇ 100 ಸೆಂಟ್ ಅನ್ನುತ್ತಾರೆ. ಚಿನ್ನದ 18, 22 ಕ್ಯಾರೆಟ್ ಶುದ್ಧತೆಯ ಲೆಕ್ಕ, ಅದು ಬೇರೆ. ಇನ್ನೊಂದು, ಆಕಾರ ಮತ್ತು ಕಟ್ ಒಂದೇ ಅಲ್ಲ. ಮೇಲಿನಿಂದ ನೋಡಿದಾಗ ಕಾಣುವ ಹೊರಗೆರೆ ಆಕಾರ. ಹರಳಿನ ಮೈಮೇಲಿನ ಪುಟ್ಟ ಸಪಾಟು ಮುಖಗಳನ್ನು ಎಷ್ಟು ಸರಿಯಾದ ಕೋನದಲ್ಲಿ ಸಾಣೆ ಹಿಡಿದಿದ್ದಾರೆ ಅನ್ನುವುದು ಕಟ್. ಒಳ್ಳೆಯ ಆಕಾರ ಆರಿಸಿ ಕೆಟ್ಟ ಕಟ್ ತಂದರೆ ಹರಳು ಗಾಜಿನ ಚೂರಿನಷ್ಟೇ ಹೊಳೆಯುತ್ತದೆ.

ಹಂತ 1: ಒಡವೆ ಯಾವುದು, ದಿನಾ ಹಾಕುವುದಾ ಅಂತ ಮೊದಲು ತೀರ್ಮಾನಿಸಿ

ಮೂಗುಬೊಟ್ಟಿನಿಂದ ಶುರು ಮಾಡೋಣ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಮೊದಲ ವಜ್ರ ಅದೇ ಅಲ್ವಾ. ಮೂಗಿಗೆ ಬರುವ ಒಂಟಿ ಹರಳು ಸಾಮಾನ್ಯವಾಗಿ 10 ಸೆಂಟ್ ಒಳಗಿನದು. 5 ಸೆಂಟ್‌ನ ದುಂಡು ಹರಳಿನ ಅಗಲ ಸುಮಾರು 2.4 ಮಿಲಿಮೀಟರ್ ಅಷ್ಟೇ. ಇಷ್ಟು ಚಿಕ್ಕದರಲ್ಲಿ ಹನಿ ಆಕಾರವೋ ಚೌಕವೋ ಎರಡಡಿ ದೂರದಿಂದ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ. ಮೂಗುಬೊಟ್ಟು ತಿರುಗುತ್ತದೆ. ಮುಖ ತೊಳೆದಾಗ, ಮಲಗಿ ಎದ್ದಾಗ ಸ್ವಲ್ಪ ಸ್ವಲ್ಪ ಸುತ್ತುತ್ತದೆ. ದುಂಡು ಹರಳು ಎಷ್ಟು ಸುತ್ತಿದರೂ ಒಂದೇ ರೀತಿ ಕಾಣುತ್ತದೆ. ಹನಿ ಆಕಾರದ್ದು ಓರೆಯಾಗಿ ನಿಲ್ಲುತ್ತದೆ, ದಿನವಿಡೀ ಸರಿಮಾಡಿಕೊಳ್ಳುತ್ತಾ ಇರಬೇಕು. ಒಂಟಿ ಹರಳಿನ ಮೂಗುಬೊಟ್ಟಿಗೆ ದುಂಡೇ ಸರಿ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ.

ಕಿವಿಗೆ ಹಾಕುವ ಒಂಟಿ ಹರಳಿನ ಟಾಪ್ಸ್‌ಗೂ ಇದೇ ಮಾತು. ಉದ್ದ ಆಕಾರ ಬೇಕೇ ಬೇಕು ಅಂದರೆ ತೂಗಾಡುವ ಓಲೆಯಲ್ಲಿ ಹಾಕಿಸಿ. ಹನಿ ಆಕಾರದ ಹರಳು ಕೊಂಡಿಯಿಂದ ಕೆಳಗೆ ಇಳಿಬಿದ್ದರೆ ತನ್ನ ಭಾರಕ್ಕೆ ತಾನೇ ನೇರವಾಗಿ ನಿಲ್ಲುತ್ತದೆ. ಕುತ್ತಿಗೆಯ ಪದಕಕ್ಕೂ ಅದು ಚೆನ್ನ.

ಉಂಗುರದ ಪ್ರಶ್ನೆ ಬೇರೆ. ಕೈ ದಿನವಿಡೀ ಕೆಲಸ ಮಾಡುತ್ತದೆ. ಪಾತ್ರೆ, ಬಾಗಿಲು, ಕೀಲಿ, ಮಗುವಿನ ಕೆನ್ನೆ, ಎಲ್ಲಕ್ಕೂ ತಾಗುತ್ತದೆ. ವಜ್ರ ಗಟ್ಟಿ ನಿಜ, ಗಟ್ಟಿತನದ ಮೋಹ್ಸ್ ಅಳತೆಯಲ್ಲಿ ಎಲ್ಲಕ್ಕಿಂತ ಮೇಲಿನ 10. ಅಂದರೆ ಅದನ್ನು ಗೀರುವುದು ಕಷ್ಟ. ಆದರೆ ಸೀಳುವುದು ಅಷ್ಟು ಕಷ್ಟವಲ್ಲ. ವಜ್ರದ ಹರಳಿನೊಳಗೆ ನಾಲ್ಕು ದಿಕ್ಕುಗಳಲ್ಲಿ ಸುಲಭವಾಗಿ ಸೀಳುವ ಪದರಗಳಿವೆ. ಚೂಪು ತುದಿಗೆ ಸರಿಯಾದ ಕೋನದಲ್ಲಿ ಏಟು ಬಿದ್ದರೆ ಚೂರು ಹಾರುತ್ತದೆ. ಚೌಕವಾದ ಪ್ರಿನ್ಸೆಸ್‌ನ ನಾಲ್ಕು ಮೂಲೆ, ಎರಡೂ ಕಡೆ ಚೂಪಾದ ಮಾರ್ಕೀಸ್‌ನ ಎರಡು ತುದಿ, ಹನಿ ಆಕಾರದ ಒಂದು ತುದಿ, ಇವೇ ಅಪಾಯದ ಜಾಗಗಳು. ದಿನಾ ಹಾಕುವ ಉಂಗುರಕ್ಕೆ ದುಂಡು, ಮೊಟ್ಟೆಯಾಕಾರದ ಓವಲ್, ಮೂಲೆ ದುಂಡಗಿರುವ ಕುಶನ್ ಅಥವಾ ಮೂಲೆ ಕತ್ತರಿಸಿದ ಆಯತದ ರೇಡಿಯಂಟ್ ನೆಮ್ಮದಿ. ರೇಷ್ಮೆ ಸೀರೆ ಉಡುವವರು ಇನ್ನೂ ಒಂದನ್ನು ನೋಡಿಕೊಳ್ಳಬೇಕು. ಎತ್ತರಕ್ಕೆ ಕೂರಿಸಿದ ಚೂಪು ಹರಳು ಸೆರಗು ಹೊದೆಯುವಾಗಲೆಲ್ಲ ಜರಿಯ ಎಳೆಗೆ ಸಿಕ್ಕಿಕೊಳ್ಳುತ್ತದೆ. ಮದುವೆಗೆ, ಹಬ್ಬಕ್ಕೆ ಮಾತ್ರ ಹಾಕುವುದಾದರೆ ಈ ಕಟ್ಟುಪಾಡು ಬೇಕಿಲ್ಲ, ಮನಸ್ಸಿಗೆ ಬಂದ ಆಕಾರ ತೆಗೆದುಕೊಳ್ಳಿ.

ಹಂತ 2: ಎರಡು ರೀತಿಯ ಹೊಳಪಿನಲ್ಲಿ ಒಂದನ್ನು ಆರಿಸಿ

ಅಂಗಡಿಯಲ್ಲಿ ಹತ್ತು ಹೆಸರು ಹೇಳುತ್ತಾರೆ. ಹೆದರಬೇಕಾಗಿಲ್ಲ. ಹೊಳಪಿನ ಲೆಕ್ಕದಲ್ಲಿ ಇರುವುದು ಎರಡೇ ಗುಂಪು.

ಮೊದಲನೆಯದು ಬ್ರಿಲಿಯಂಟ್. ತ್ರಿಕೋನ, ಗಾಳಿಪಟದಂಥ ಪುಟ್ಟ ಮುಖಗಳು ನಡುವಿನಿಂದ ಹೊರಕ್ಕೆ ಹರಡಿರುತ್ತವೆ. ಕೈ ಅಲುಗಿದಂತೆಲ್ಲ ಮಿಣಮಿಣ ಅನ್ನುತ್ತದೆ. ರೌಂಡ್ ಬ್ರಿಲಿಯಂಟ್‌ನಲ್ಲಿ 57 ಅಥವಾ 58 ಮುಖಗಳು. 58ನೆಯದು ತಳದ ತುದಿಯಲ್ಲಿರುವ ಚುಕ್ಕೆಯಷ್ಟು ಮುಖ, ಕೆಲವು ಹರಳಿನಲ್ಲಿ ಅದು ಇರುವುದಿಲ್ಲ. ಮೇಲಿಂದ ಬಿದ್ದ ಬೆಳಕು ಕೆಳಗೆ ಸೋರಿಹೋಗದೆ ಮತ್ತೆ ಕಣ್ಣಿಗೇ ಬರಬೇಕಾದರೆ ಯಾವ ಮುಖ ಯಾವ ಕೋನದಲ್ಲಿರಬೇಕು ಅಂತ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ. ವಜ್ರ ಕೊರೆಯುವವರ ಮನೆತನದವನು, ಓದಿದ್ದು ಎಂಜಿನಿಯರಿಂಗ್. ಇವತ್ತಿನ ದುಂಡು ಹರಳಿನ ಅಳತೆಗಳಿಗೆ ಆ ಲೆಕ್ಕವೇ ಬುನಾದಿ. ಓವಲ್, ಪೇರ್ ಅಂದರೆ ಹನಿ, ಎರಡೂ ತುದಿ ಚೂಪಾದ ಮಾರ್ಕೀಸ್, ಹೃದಯಾಕಾರ, ಚೌಕದ ಪ್ರಿನ್ಸೆಸ್, ಮೂಲೆ ದುಂಡಗಿರುವ ಕುಶನ್, ಇವೆಲ್ಲ ಇದೇ ಗುಂಪು. ರೇಡಿಯಂಟ್ ಕೂಡ ಇಲ್ಲಿಗೇ ಸೇರುತ್ತದೆ. ಹೆನ್ರಿ ಗ್ರಾಸ್‌ಬಾರ್ಡ್ 1977ರಲ್ಲಿ ತಂದ ಆಕಾರ ಅದು, ಆಯತದ ಹೊರಗೆರೆ, ಒಳಗೆ ಬ್ರಿಲಿಯಂಟ್ ಹೊಳಪು.

ಎರಡನೆಯದು ಸ್ಟೆಪ್ ಕಟ್. ಮುಖಗಳು ಉದ್ದುದ್ದ ಪಟ್ಟಿಗಳಾಗಿ ನಮ್ಮ ಕಲ್ಯಾಣಿಯ ಮೆಟ್ಟಿಲಿನ ಹಾಗೆ ಒಳಕ್ಕೆ ಇಳಿಯುತ್ತವೆ. ಆಯತಾಕಾರದ್ದು ಎಮರಾಲ್ಡ್ ಕಟ್. ಚೌಕದ್ದು ಆಷರ್, ಆಮ್‌ಸ್ಟರ್‌ಡ್ಯಾಮ್‌ನ ಜೋಸೆಫ್ ಆಷರ್ 1902ರಲ್ಲಿ ರೂಪಿಸಿದ್ದು. 3,106 ಕ್ಯಾರೆಟ್‌ನ ಕಲಿನನ್ ಕಚ್ಚಾ ವಜ್ರವನ್ನು 1908ರಲ್ಲಿ ಒಡೆದವರೂ ಇದೇ ಆಷರ್ ಮನೆಯವರು. ಸ್ಟೆಪ್ ಕಟ್‌ನಲ್ಲಿ ಮಿಣುಕು ಕಡಿಮೆ. ಹರಳು ಅಲುಗಿದಾಗ ಅಗಲವಾದ ಬೆಳಕಿನ ಪಟ್ಟಿ ಒಂದು ಬದಿಯಿಂದ ಇನ್ನೊಂದಕ್ಕೆ ಹಾಯುತ್ತದೆ. ಗಂಭೀರವಾದ ಅಂದ. ಗಂಡಸರ ಉಂಗುರಕ್ಕೆ ನನಗೆ ಬಹಳ ಹಿಡಿಸುವುದು ಇದೇ, ಅದರಲ್ಲೂ ಬೆರಳಿಗೆ ಅಡ್ಡಲಾಗಿ ಕೂರಿಸಿದ ಎಮರಾಲ್ಡ್ ಕಟ್.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ತೀರ್ಮಾನಕ್ಕೆ ಬರಬೇಡಿ. ದೀಪದ ಬೆಳಕಿನ ಮಿಣುಕು ಇಷ್ಟಪಡುವವರಿಗೆ ಎಮರಾಲ್ಡ್ ಕಟ್ ಸಪ್ಪೆ ಅನ್ನಿಸಬಹುದು. ಫೋಟೊದಲ್ಲಿ ನೋಡಿ ಅದನ್ನೇ ತರಿಸಿಕೊಂಡರೆ ಆಮೇಲೆ ಬೇಜಾರು.

ಹಂತ 3: ಸೆಂಟ್ ಬಿಡಿ, ಮಿಲಿಮೀಟರ್ ಕೇಳಿ

ಕಣ್ಣಿಗೆ ಕಾಣುವುದು ತೂಕವಲ್ಲ, ಅಗಲ. ಒಂದು ಕ್ಯಾರೆಟ್‌ನ ದುಂಡು ಹರಳು ಸುಮಾರು 6.5 ಮಿ.ಮೀ. ಅಗಲ. ಅದೇ ತೂಕದ ಪ್ರಿನ್ಸೆಸ್ ಸುಮಾರು 5.5 ಮಿ.ಮೀ. ಚೌಕ, ಯಾಕೆಂದರೆ ಅದರ ತೂಕ ಆಳದಲ್ಲಿ ಅಡಗಿರುತ್ತದೆ. ಓವಲ್ ಸುಮಾರು 7.7 × 5.7, ಎಮರಾಲ್ಡ್ ಸುಮಾರು 7 × 5, ಮಾರ್ಕೀಸ್ ಸುಮಾರು 10 × 5 ಬರುತ್ತವೆ. ಅಷ್ಟೇ ದುಡ್ಡಿಗೆ ಹರಳು ದೊಡ್ಡದಾಗಿ ಕಾಣಬೇಕು ಅನ್ನುವವರಿಗೆ ಉದ್ದ ಆಕಾರಗಳಲ್ಲಿ ಲಾಭ ಇದೆ. ಗಿಡ್ಡ ಬೆರಳಿನವರಿಗೆ ಇನ್ನೂ ಒಂದು ಅನುಕೂಲ. ಬೆರಳಿನ ಉದ್ದಕ್ಕೆ ನಿಂತ ಓವಲ್ ಅಥವಾ ಮಾರ್ಕೀಸ್ ಬೆರಳನ್ನೇ ನೀಳವಾಗಿ ತೋರಿಸುತ್ತದೆ.

ತೂಕ ದುಪ್ಪಟ್ಟಾದರೆ ಅಗಲ ದುಪ್ಪಟ್ಟಾಗುವುದಿಲ್ಲ ಅನ್ನುವುದನ್ನೂ ಗಮನಿಸಿ. ದುಂಡು ಹರಳಿನಲ್ಲಿ 25 ಸೆಂಟ್ ಅಂದರೆ ಸುಮಾರು 4.1 ಮಿ.ಮೀ., 50 ಸೆಂಟ್ ಅಂದರೆ 5.1ರ ಆಸುಪಾಸು. ತೂಕ ಎರಡರಷ್ಟು, ಅಗಲ ಕೂಡಿದ್ದು ಒಂದೇ ಮಿಲಿಮೀಟರ್. 50 ಸೆಂಟ್, ಒಂದು ಕ್ಯಾರೆಟ್‌ನಂಥ ಗುಂಡು ಅಂಕಿ ಮುಟ್ಟಿದ ಕೂಡಲೇ ಕ್ಯಾರೆಟ್‌ಗೆ ಬೆಲೆ ಮೇಲಕ್ಕೆ ಹಾರುತ್ತದೆ. 46, 47 ಸೆಂಟ್‌ನ ಹರಳು ಸಿಕ್ಕಿದರೆ ಬಿಡಬೇಡಿ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಉದ್ದ ಆಕಾರಗಳಲ್ಲಿ ಉದ್ದವನ್ನು ಅಗಲದಿಂದ ಭಾಗಿಸಿ ನೋಡಿ. ಓವಲ್‌ಗೆ 1.35ರಿಂದ 1.5 ಹೆಚ್ಚು ಜನಕ್ಕೆ ಇಷ್ಟವಾಗುವ ಅಳತೆ. ಅದಕ್ಕಿಂತ ಕಡಿಮೆಯಾದರೆ ಸೊಟ್ಟ ದುಂಡಿನಂತೆ ಕಾಣುತ್ತದೆ. ಹನಿ ಆಕಾರಕ್ಕೆ 1.5ರಿಂದ 1.75, ಮಾರ್ಕೀಸ್‌ಗೆ 2ರ ಆಸುಪಾಸು, ಎಮರಾಲ್ಡ್‌ಗೆ 1.3ರಿಂದ 1.5. ಚೌಕದ ಪ್ರಿನ್ಸೆಸ್ 1.05 ದಾಟಿದರೆ ಆಯತ ಅನ್ನುವುದು ಕಣ್ಣಿಗೆ ಹೊಡೆಯಲು ಶುರುವಾಗುತ್ತದೆ. ಇವು ನಿಯಮಗಳಲ್ಲ, ರುಚಿ. ಕೈ ಮೇಲೆ ಇಟ್ಟು ನೋಡಿ ಚೆನ್ನಾಗಿದೆ ಅನ್ನಿಸಿದರೆ 1.6ರ ಓವಲ್ ಕೂಡ ಸರಿಯೇ.

ಹಂತ 4: ಬೆಲೆ ಯಾಕೆ ಬೇರೆ ಬೇರೆ ಅಂತ ತಿಳಿದುಕೊಳ್ಳಿ

ಒಂದೇ ತೂಕ, ಒಂದೇ ಬಣ್ಣ, ಒಂದೇ ಕ್ಲಾರಿಟಿ ಇದ್ದರೂ ಸಾಮಾನ್ಯವಾಗಿ ದುಂಡು ಹರಳಿಗೇ ಜಾಸ್ತಿ ಬೆಲೆ. ಬೇಡಿಕೆ ಒಂದು ಕಾರಣ. ಇನ್ನೊಂದು ಕಾರಣ ಕಚ್ಚಾ ವಜ್ರದ ಆಕಾರದಲ್ಲಿದೆ. ಎಷ್ಟೋ ವಜ್ರಗಳು ನೆಲದಿಂದ ಬರುವಾಗ ಎಂಟು ಮುಖದ ಹರಳಾಗಿರುತ್ತವೆ, ಎರಡು ಪಿರಮಿಡ್‌ಗಳನ್ನು ತಳಕ್ಕೆ ತಳ ಕೂಡಿಸಿದ ಹಾಗೆ. ನಡುವೆ ಗರಗಸ ಹಾಕಿ ಎರಡು ಮಾಡಿದರೆ ಪ್ರತಿ ತುಂಡಿನ ತಳವೂ ಚೌಕ. ಅದರಿಂದ ಪ್ರಿನ್ಸೆಸ್ ತೆಗೆಯುವುದು ಸಲೀಸು, ಪೋಲಾಗುವುದು ಕಡಿಮೆ. ಅದನ್ನೇ ದುಂಡು ಮಾಡಬೇಕಾದರೆ ಮೂಲೆಗಳನ್ನೆಲ್ಲ ಸಾಣೆಗೆ ಕೊಡಬೇಕು. ಕಚ್ಚಾ ತೂಕದ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುವುದು ಮಾಮೂಲು. ಜಗತ್ತಿನ ವಜ್ರಗಳಲ್ಲಿ ಬಹುಪಾಲಿಗೆ ಸಾಣೆ ಹಿಡಿಯುವುದು ಸೂರತ್‌ನಲ್ಲಿ. ಅಲ್ಲಿ ಪ್ರತಿ ಕಚ್ಚಾ ಹರಳಿನ ಮುಂದೆ ಕೂತವರು ಮೊದಲು ಹಾಕುವ ಲೆಕ್ಕ ಇದೇ, ಯಾವ ಆಕಾರಕ್ಕೆ ಹೋದರೆ ಎಷ್ಟು ತೂಕ ಉಳಿಯುತ್ತದೆ ಅಂತ.

ಈ ಲೆಕ್ಕದ ದೊಡ್ಡ ಉದಾಹರಣೆ ಕೊಹಿನೂರ್. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಟ್ಟಾಗ ಅದು ಅಷ್ಟಾಗಿ ಹೊಳೆಯುತ್ತಿಲ್ಲ ಅಂತ ಜನ ನಿರಾಶರಾದರು. ನಮ್ಮ ಕಡೆಯ ಹಳೆಯ ಕುಶಲಿಗರು ತೂಕ ಉಳಿಸಿಕೊಳ್ಳುವುದಕ್ಕೆ ಬೆಲೆ ಕೊಟ್ಟಿದ್ದರು, ಯುರೋಪಿನವರಿಗೆ ಮಿಣುಕು ಬೇಕಿತ್ತು. 1852ರಲ್ಲಿ ಅದನ್ನು ಓವಲ್ ಬ್ರಿಲಿಯಂಟ್ ಆಗಿ ಮತ್ತೆ ಕೊರೆಸಿದರು. ಸುಮಾರು 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಹೊಳಪಿಗಾಗಿ ತೂಕ ಬಿಡಬೇಕಾ, ತೂಕಕ್ಕಾಗಿ ಹೊಳಪು ಬಿಡಬೇಕಾ? ಇವತ್ತಿಗೂ ಪ್ರತಿ ಹರಳಿನಲ್ಲೂ ಯಾರೋ ಒಬ್ಬರು ಇದನ್ನು ತೀರ್ಮಾನ ಮಾಡಿರುತ್ತಾರೆ. ತೂಕದ ಕಡೆಗೆ ವಾಲಿದ ಹರಳು ಆಳವಾಗಿ, ಮಬ್ಬಾಗಿ ಇರುತ್ತದೆ. ಅದರ ಭಾರಕ್ಕೆ ದುಡ್ಡು ಕೊಡುವವರು ನೀವು.

ಹಂತ 5: ಬಣ್ಣ, ಕ್ಲಾರಿಟಿಯನ್ನು ಆಕಾರಕ್ಕೆ ತಕ್ಕಂತೆ ಇಟ್ಟುಕೊಳ್ಳಿ

ನಮ್ಮ ಅಂಗಡಿಗಳಲ್ಲಿ 'ಇಎಫ್ ವಿವಿಎಸ್' ಅನ್ನುವುದು ಮಂತ್ರವಾಗಿಬಿಟ್ಟಿದೆ. ಬಣ್ಣದ ಗ್ರೇಡ್ ಇಂಗ್ಲಿಷ್ ಅಕ್ಷರಗಳಲ್ಲಿ, ಡಿ ಅಂದರೆ ಬಣ್ಣವೇ ಇಲ್ಲದ್ದು, ಇ, ಎಫ್, ಜಿ ಅಂತ ಮುಂದೆ ಹೋದಂತೆ ಹಳದಿ ಹೆಚ್ಚು. ಕ್ಲಾರಿಟಿಯಲ್ಲಿ ವಿವಿಎಸ್ ಅಂದರೆ ಕಲೆ ತೀರಾ ಕಡಿಮೆ, ವಿಎಸ್, ಎಸ್‌ಐ ಅಂತ ಕೆಳಗಿಳಿದಂತೆ ಕಲೆ ಹೆಚ್ಚು. ಎಲ್ಲ ಆಕಾರಕ್ಕೂ ಇಎಫ್ ವಿವಿಎಸ್ ಬೇಕಾಗಿಲ್ಲ.

ಬ್ರಿಲಿಯಂಟ್‌ನ ಮಿಣುಕಿನಲ್ಲಿ ಸಣ್ಣಪುಟ್ಟ ಕಲೆ ಮುಳುಗಿಹೋಗುತ್ತದೆ. ದುಂಡು ಹರಳಿಗೆ ವಿಎಸ್ ಸಾಕು, ಹುಡುಕಿ ನೋಡಿ ತೆಗೆದುಕೊಂಡರೆ ಎಸ್‌ಐ1 ಕೂಡ ಬರಿಗಣ್ಣಿಗೆ ಶುಭ್ರವಾಗಿ ಕಾಣಬಹುದು. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಬಣ್ಣ ಎಚ್, ಐ ಇದ್ದರೂ ನಡೆಯುತ್ತದೆ. ಚಿನ್ನದ ಛಾಯೆಯೇ ಹರಳಿಗೆ ಬರುವುದರಿಂದ ಅಲ್ಲಿ ಡಿ, ಇ ಬಣ್ಣಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಕಣ್ಣಿಗೆ ಕಾಣುವುದೇ ಇಲ್ಲ.

ಎಮರಾಲ್ಡ್, ಆಷರ್ ಕಿಟಕಿ ಇದ್ದಂತೆ ತೆರೆದ ಹರಳುಗಳು. ನಡುವೆ ಒಂದು ಕಪ್ಪು ಚುಕ್ಕೆ ಇದ್ದರೆ ನೇರ ಕಾಣುತ್ತದೆ, ಮೆಟ್ಟಿಲಿನ ಮುಖಗಳಲ್ಲಿ ಪ್ರತಿಬಿಂಬಿಸಿ ಎರಡು ಮೂರಾಗಿಯೂ ಕಾಣಬಹುದು. ಅವಕ್ಕೆ ವಿಎಸ್1 ಅಥವಾ ಮೇಲಿನದು ತೆಗೆದುಕೊಳ್ಳಿ, ಬಣ್ಣವನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿ. ಹನಿ ಮತ್ತು ಮಾರ್ಕೀಸ್‌ನ ಚೂಪು ತುದಿಯಲ್ಲಿ ಹಳದಿ ಛಾಯೆ ಒಟ್ಟಾಗಿ ಗಾಢವಾಗುತ್ತದೆ. ಬಿಳಿ ಚಿನ್ನ ಅಥವಾ ಪ್ಲಾಟಿನಂನಲ್ಲಿ ಕೂರಿಸುವವರು 'ಜಿ' ಬಣ್ಣಕ್ಕಿಂತ ಕೆಳಗೆ ಹೋಗದಿರುವುದು ಒಳ್ಳೆಯದು. ರೇಡಿಯಂಟ್, ಕುಶನ್‌ಗೂ ಬಣ್ಣವನ್ನು ಎತ್ತಿ ತೋರಿಸುವ ಗುಣ ಇದೆ. ಬೇಕೆಂದೇ ಹಳದಿ ವಜ್ರ ಕೊಳ್ಳುವವರಿಗೆ ಹೆಚ್ಚಾಗಿ ಆ ಎರಡು ಆಕಾರವೇ ಸಿಗುವುದು ಇದೇ ಕಾರಣಕ್ಕೆ.

ಮನೆಯ ಹಿರಿಯರು 'ಕಪ್ಪು ಚುಕ್ಕೆ ಇರಬಾರದು, ಕಾಗೆಕಾಲು ಇರಬಾರದು' ಅನ್ನುತ್ತಾರೆ. ಹಳೆಯ ರತ್ನಪರೀಕ್ಷೆಯಲ್ಲಿ ಬಿಂದು, ರೇಖೆ, ಕಾಕಪದ ಅಂತ ದೋಷಗಳನ್ನು ಹೆಸರಿಸಿದ್ದಾರೆ. ಅವರ ಮಾತನ್ನು ತಳ್ಳಿಹಾಕಬೇಡಿ. ಅಂಗಡಿಯಲ್ಲೇ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕೇಳಿ, ಅವರ ಕೈಗೇ ಕೊಡಿ, ಅವರೇ ನೋಡಲಿ. ವಜ್ರ 'ಆಗಿಬರುತ್ತಾ' ಅಂತ ಕೆಲವು ದಿನ ಮನೆಯಲ್ಲಿ ಇಟ್ಟುಕೊಂಡು ನೋಡುವ ರೂಢಿ ನಿಮ್ಮಲ್ಲಿದ್ದರೆ, ಎಷ್ಟು ದಿನದೊಳಗೆ ವಾಪಸ್ ಕೊಡಬಹುದು, ಪೂರ್ತಿ ಹಣ ಬರುತ್ತಾ ಅಂತ ಮೊದಲೇ ಬರೆಸಿಕೊಳ್ಳಿ.

ಹಂತ 6: ಕಾಗದ ಪಕ್ಕಕ್ಕಿಟ್ಟು ಹರಳನ್ನು ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ವಜ್ರ ಪರೀಕ್ಷಿಸಿ ಗ್ರೇಡ್ ಕೊಡುವ ಸಂಸ್ಥೆ ಜಿಐಎಯ ವರದಿಯಲ್ಲಿ ಒಟ್ಟಾರೆ ಕಟ್ ಗ್ರೇಡ್ ಬರುವುದು ರೌಂಡ್ ಬ್ರಿಲಿಯಂಟ್‌ಗೆ. ಅದರಲ್ಲಿ 'ಎಕ್ಸಲೆಂಟ್' ಇದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದ ಆಕಾರಗಳಿಗೆ ಪಾಲಿಶ್, ಸಿಮೆಟ್ರಿ, ಅಳತೆಗಳು ಇರುತ್ತವೆ, ಅಷ್ಟೇ. ಒಂದೇ ಅಂಕಿಗಳಿರುವ ಎರಡು ಓವಲ್‌ಗಳಲ್ಲಿ ಒಂದು ಜೀವಂತವಾಗಿರಬಹುದು, ಇನ್ನೊಂದು ಸತ್ತಂತಿರಬಹುದು. ಕಣ್ಣಿಟ್ಟು ನೋಡದೆ ಬೇರೆ ದಾರಿ ಇಲ್ಲ.

ಅಂಗಡಿಯ ಚಾವಣಿಯ ಪುಟ್ಟ ಪುಟ್ಟ ದೀಪಗಳ ಕೆಳಗೆ ಯಾವ ಹರಳಾದರೂ ಹೊಳೆಯುತ್ತದೆ. ಬಾಗಿಲ ಹತ್ತಿರ, ಹಗಲಿನ ಬೆಳಕಿಗೆ ತಂದು ನೋಡಬೇಕು ಅಂತ ಕೇಳಿ. ನೇರ ಬಿಸಿಲು ಬೇಡ, ನೆರಳಿನ ಬೆಳಕು ಸಾಕು. ಹರಳನ್ನು ಮುಖದಿಂದ ಒಂದು ಅಡಿ ದೂರ ಹಿಡಿಯಿರಿ, ಮೇಲಿನಿಂದ ನೇರ ನೋಡಿ, ಆಮೇಲೆ ನಿಧಾನವಾಗಿ ಎಡಕ್ಕೆ ಬಲಕ್ಕೆ ವಾಲಿಸಿ.

ಓವಲ್, ಹನಿ, ಮಾರ್ಕೀಸ್‌ಗಳ ನಡುವೆ ಅಡ್ಡಲಾಗಿ ಕಪ್ಪು ನೆರಳು ಕಾಣುತ್ತದೆ. ಎರಡು ತ್ರಿಕೋನಗಳು ತುದಿ ಕೂಡಿಸಿಕೊಂಡ ರೂಪ, ಅಂಗಡಿಯವರು ಬೋ-ಟೈ ಅನ್ನುತ್ತಾರೆ. ಅದು ಹರಳಿನೊಳಗಿನ ಕಲೆ ಅಲ್ಲ. ನಡುವಿನ ಮುಖಗಳು ನಿಮ್ಮ ತಲೆಯ ಕಡೆಗೇ ತಿರುಗಿರುತ್ತವೆ, ನಿಮ್ಮ ತಲೆ ಬೆಳಕಿಗೆ ಅಡ್ಡ ಬಂದಾಗ ಆ ಮುಖಗಳು ಕಪ್ಪಾಗುತ್ತವೆ. ಸ್ವಲ್ಪವಾದರೂ ಬೋ-ಟೈ ಇಲ್ಲದ ಓವಲ್ ಅಪರೂಪ. ಹರಳು ವಾಲಿಸಿದ ಕೂಡಲೇ ಕಪ್ಪು ಚದುರಿ ಬೆಳಕು ತುಂಬಿಕೊಂಡರೆ ಚಿಂತೆ ಇಲ್ಲ, ಹಾಗೆ ಬಂದು ಹೋಗುವ ನೆರಳು ಹರಳಿಗೆ ಆಳವನ್ನೇ ಕೊಡುತ್ತದೆ. ಎಷ್ಟು ವಾಲಿಸಿದರೂ ಕಪ್ಪು ಅಲ್ಲೇ ಕೂತಿದ್ದರೆ ಆ ಹರಳನ್ನು ವಾಪಸ್ ಇಡಿ, ಎಷ್ಟೇ ರಿಯಾಯಿತಿ ಕೊಟ್ಟರೂ.

ಬಿಡಿ ಹರಳಾದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಅಚ್ಚಾದ ಅಕ್ಷರದ ಮೇಲೆ ಮುಖ ಮೇಲಾಗಿ ಇಡಿ. ಚೆನ್ನಾಗಿ ಕೊರೆದ ಬ್ರಿಲಿಯಂಟ್‌ನಲ್ಲಿ ಅಕ್ಷರ ಕಾಣುವುದಿಲ್ಲ. ನಡುವೆ ಅಕ್ಷರ ಓದಲು ಆದರೆ ಅಲ್ಲಿ ಬೆಳಕು ಸೋರುತ್ತಿದೆ ಅಂತ ಅರ್ಥ.

ಹನಿ ಆಕಾರದಲ್ಲಿ ತುದಿಯಿಂದ ಎದುರಿನ ದುಂಡು ಭಾಗದ ನಡುವಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು ನೋಡಿ. ಎರಡೂ ಹೆಗಲು ಒಂದೇ ಸಮ ಇರಬೇಕು. ಹೃದಯಾಕಾರವನ್ನು 50 ಸೆಂಟ್‌ಗಿಂತ ಚಿಕ್ಕದರಲ್ಲಿ ತೆಗೆದುಕೊಳ್ಳಬೇಡಿ, ಚಿನ್ನದಲ್ಲಿ ಕೂರಿಸಿದ ಮೇಲೆ ಮೇಲಿನ ಸೀಳು ಮುಚ್ಚಿಹೋಗಿ ಯಾವ ಆಕಾರ ಅಂತಲೇ ತಿಳಿಯುವುದಿಲ್ಲ. ವರದಿಯಲ್ಲಿ ಗರ್ಡಲ್ ಅಂತ ಒಂದು ಸಾಲು ಇರುತ್ತದೆ, ಹರಳಿನ ಅಂಚಿನ ದಪ್ಪ ಅದು. ಚೂಪು ತುದಿಯ ಆಕಾರಕ್ಕೆ ಅಲ್ಲಿ 'ಎಕ್ಸ್‌ಟ್ರೀಮ್ಲಿ ಥಿನ್' ಅಂತಿದ್ದರೆ ಬೇಡ ಅನ್ನಿ. ತೀರಾ ದಪ್ಪ ಇದ್ದರೆ ತೂಕ ಅಂಚಿನಲ್ಲಿ ಬಚ್ಚಿಟ್ಟುಕೊಂಡಿದೆ, ಹರಳು ತೂಕಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಹಂತ 7: ಒಂದಕ್ಕಿಂತ ಹೆಚ್ಚು ಹರಳಿದ್ದರೆ ಜೋಡಣೆ ನೋಡಿ

ನಮ್ಮ ಏಳು ಹರಳಿನ ಓಲೆಯನ್ನು ಒಮ್ಮೆ ಸರಿಯಾಗಿ ಗಮನಿಸಿ. ನಡುವೆ ಒಂದು, ಸುತ್ತ ಆರು. ಒಂದೇ ಅಳತೆಯ ಏಳು ನಾಣ್ಯ ತೆಗೆದುಕೊಂಡು ಮೇಜಿನ ಮೇಲೆ ಇಟ್ಟು ನೋಡಿ. ನಡುವಿನ ನಾಣ್ಯದ ಸುತ್ತ ಸರಿಯಾಗಿ ಆರು ಕೂರುತ್ತವೆ. ಪಕ್ಕದ್ದಕ್ಕೆ ಪಕ್ಕದ್ದು ತಾಗುತ್ತದೆ, ಜಾಗ ಉಳಿಯುವುದಿಲ್ಲ, ಕಮ್ಮಿಯೂ ಬೀಳುವುದಿಲ್ಲ. ದುಂಡಿನ ಈ ಗುಣದಿಂದಲೇ ಏಳೂ ಹರಳು ಒಂದೇ ಗಾತ್ರದ್ದಾಗಿದ್ದು, ನಡುವೆ ಚಿನ್ನ ಕಾಣದಷ್ಟು ಒತ್ತಾಗಿ ಹೂವಿನ ರೂಪಕ್ಕೆ ಬರುತ್ತದೆ. ಚೌಕದಲ್ಲೋ ಓವಲ್‌ನಲ್ಲೋ ಇದು ಆಗದು. ಹಾಗಾಗಿ ಏಳು ಹರಳಿನ ಓಲೆಗೆ ದುಂಡು ಬಿಟ್ಟು ಬೇರೆ ಯೋಚಿಸಬೇಡಿ. ಯೋಚಿಸಬೇಕಾದ್ದು ಹೊಂದಿಕೆ. ಎರಡೂ ಕಿವಿಯ ಹದಿನಾಲ್ಕು ಹರಳೂ ಒಂದೇ ಬಣ್ಣ, ಒಂದೇ ಅಗಲ ಇರಬೇಕು. ಬಿಳಿ ಕಾಗದದ ಮೇಲೆ ಓಲೆಗಳನ್ನು ಬೋರಲು ಇಟ್ಟು ಹಿಂಬದಿಯಿಂದ ನೋಡಿದರೆ, ಅಂದರೆ ಹರಳಿನ ಹಿಂಬದಿ ತೆರೆದಿರುವ ಓಪನ್ ಸೆಟ್ಟಿಂಗ್ ಇದ್ದರೆ, ಹಳದಿ ತಿರುಗಿದ ಹರಳು ತಟ್ಟನೆ ಸಿಕ್ಕಿಬೀಳುತ್ತದೆ.

ಬೇರೆ ಆಕಾರಗಳಲ್ಲಿ ಜೋಡಿ ಹೊಂದಿಸುವುದು ಇನ್ನೂ ಕಷ್ಟ. ಎರಡು ಹನಿಗಳ ಉದ್ದ, ಅಗಲ, ಹೆಗಲಿನ ತಿರುವು, ಬೋ-ಟೈ ಎಲ್ಲವೂ ಸರಿಹೋಗಬೇಕು. ಜೋಡಿಗೆ ಸ್ವಲ್ಪ ಜಾಸ್ತಿ ಕೇಳಿದರೆ ಅದು ಅನ್ಯಾಯ ಅಲ್ಲ.

ದೊಡ್ಡ ಒಂಟಿ ಹರಳಿನಂತೆ ಕಾಣುವ ಗುಂಪು ಜೋಡಣೆಗಳೂ ಸಿಗುತ್ತವೆ. ಪ್ರೆಷರ್ ಸೆಟ್ಟಿಂಗ್‌ನಲ್ಲಿ ನಡುವಿನ ಹರಳಿನ ಸುತ್ತ ಚಿಕ್ಕವನ್ನು ಒತ್ತಿ ಕೂರಿಸುತ್ತಾರೆ. ಇನ್ವಿಸಿಬಲ್ ಸೆಟ್ಟಿಂಗ್‌ನಲ್ಲಿ ಪ್ರಿನ್ಸೆಸ್ ಹರಳುಗಳು ನಡುವೆ ಚಿನ್ನ ಕಾಣದಂತೆ ಅಕ್ಕಪಕ್ಕ ಕೂರುತ್ತವೆ. ನೋಟಕ್ಕೆ ಚೆಂದ, ಬೆಲೆಯೂ ಕೈಗೆಟುಕುತ್ತದೆ. ಆದರೆ ಟ್ಯಾಗ್‌ನಲ್ಲಿ ಬರೆದ ಒಂದು ಕ್ಯಾರೆಟ್ ಹಲವು ಚಿಕ್ಕ ಹರಳುಗಳ ಮೊತ್ತ, ಅದನ್ನು ಒಂಟಿ ಹರಳಿನ ಒಂದು ಕ್ಯಾರೆಟ್ ಜೊತೆ ಹೋಲಿಸಬೇಡಿ. ಇನ್ವಿಸಿಬಲ್ ಸೆಟ್ಟಿಂಗ್‌ನಲ್ಲಿ ಒಂದು ಹರಳು ಸಡಿಲವಾದರೆ ರಿಪೇರಿ ಸುಲಭವಲ್ಲ. ದಿನಾ ಹಾಕುವ ಉಂಗುರಕ್ಕೆ ನಾನು ಬೇಡ ಅನ್ನುತ್ತೇನೆ.

ಹಂತ 8: ಚಿನ್ನದಲ್ಲಿ ಹೇಗೆ ಕೂರಿಸುವುದು

ಹರಳನ್ನು ಹಿಡಿದುಕೊಳ್ಳುವ ಪುಟ್ಟ ಚಿನ್ನದ ಹಿಡಿಕೆಗಳೇ ಪ್ರಾಂಗ್. ಚೂಪು ತುದಿಯ ಆಕಾರಗಳಿಗೆ ಆ ತುದಿಯನ್ನೇ ಎರಡೂ ಬದಿಯಿಂದ ತಬ್ಬಿಕೊಳ್ಳುವ 'ವಿ' ಪ್ರಾಂಗ್ ಬೇಕೇ ಬೇಕು. ಸಾಮಾನ್ಯ ಪ್ರಾಂಗ್‌ಗಳು ಮಾತ್ರ ಇದ್ದು ತುದಿ ಬರಿದಾಗಿದ್ದರೆ ಬದಲಾಯಿಸಿಕೊಡಿ ಅಂತ ಕೇಳಿ. ಸುತ್ತಲೂ ಚಿನ್ನದ ಅಂಚು ಬರುವ ಬೆಜೆಲ್ ಇನ್ನೂ ಭದ್ರ, ಎಲ್ಲ ಆಕಾರಕ್ಕೂ ಆಗುತ್ತದೆ. ಓಡಾಟ, ಕೆಲಸ ಜಾಸ್ತಿ ಇರುವವರಿಗೆ ಅದೇ ಒಳ್ಳೆಯದು. ಪ್ರಾಂಗ್‌ನ ಒಡವೆ 18 ಕ್ಯಾರೆಟ್ ಚಿನ್ನದಲ್ಲಿ ಇರಲಿ, 22 ಮೆತ್ತಗೆ, ಹಿಡಿತ ಸಡಿಲವಾಗುತ್ತದೆ.

ನಮ್ಮ ಹಳೆಯ ಓಲೆ, ಬೇಸರಿಗಳಲ್ಲಿ ಹೆಚ್ಚಾಗಿ ಇರುವುದು ಕ್ಲೋಸ್ ಸೆಟ್ಟಿಂಗ್. ಹರಳಿನ ಹಿಂಬದಿ ಪೂರ್ತಿ ಮುಚ್ಚಿರುತ್ತದೆ. ಆ ನೋಟಕ್ಕೆ ಅದರದೇ ಗಾಂಭೀರ್ಯ ಇದೆ, ಹರಳು ದೊಡ್ಡದಾಗಿಯೂ ಕಾಣುತ್ತದೆ. ಆದರೆ ಹೊಸದಾಗಿ ಕೊಳ್ಳುವಾಗ ಅದರಲ್ಲಿ ಹರಳಿನ ಹಿಂಬದಿ, ಬಣ್ಣ ಸರಿಯಾಗಿ ಪರೀಕ್ಷಿಸಲು ಆಗುವುದಿಲ್ಲ. ಕ್ಲೋಸ್ ಸೆಟ್ಟಿಂಗ್ ಬೇಕಾದರೆ ಮೊದಲು ಬಿಡಿ ಹರಳು ನೋಡಿ, ತೂಗಿಸಿ, ಆಮೇಲೆ ಕಟ್ಟಿಸಿ.

ವಜ್ರಕ್ಕೆ ಎಣ್ಣೆ, ಜಿಡ್ಡು ಬೇಗ ಅಂಟುತ್ತದೆ. ಎಣ್ಣೆಸ್ನಾನ, ಅರಿಶಿನ, ಅಡುಗೆಯ ಒಗ್ಗರಣೆ ಎಲ್ಲ ಸೇರಿ ಹಿಂಬದಿಯಲ್ಲಿ ಪದರ ಕಟ್ಟಿದರೆ ಎಂಥ ಹರಳೂ ಮಂಕಾಗುತ್ತದೆ. ಓಪನ್ ಸೆಟ್ಟಿಂಗ್ ಆದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಬ್ರಷ್‌ನಲ್ಲಿ ಹಿಂದಿನಿಂದ ಉಜ್ಜಿ. ಕ್ಲೋಸ್ ಸೆಟ್ಟಿಂಗ್ ಒಡವೆಯನ್ನು ಮಾತ್ರ ನೀರಲ್ಲಿ ನೆನೆಸಬೇಡಿ. ಒಳಗೆ ನೀರು ಸೇರಿದರೆ ಹರಳು ಮಬ್ಬಾಗಿ ಉಳಿಯುತ್ತದೆ, ಬಿಚ್ಚಿ ಮತ್ತೆ ಕಟ್ಟಿಸಬೇಕಾಗುತ್ತದೆ.

ಹಂತ 9: ಬಿಲ್‌ನಲ್ಲಿ ಆಕಾರ ಬರೆಸಿ

ಬಿಲ್‌ನಲ್ಲಿ ಬರೀ 'ಡೈಮಂಡ್ ರಿಂಗ್' ಅಂತಿದ್ದರೆ ಸಾಲದು. ಹರಳಿನ ಆಕಾರ, ಸಂಖ್ಯೆ, ತೂಕ, ಬಣ್ಣ, ಕ್ಲಾರಿಟಿ, ಹರಳು ಬಿಟ್ಟು ಚಿನ್ನದ ನಿವ್ವಳ ತೂಕ, ಮೇಕಿಂಗ್ ಚಾರ್ಜ್, 3% ಜಿಎಸ್‌ಟಿ, ಎಲ್ಲ ಬೇರೆ ಬೇರೆಯಾಗಿ ಇರಲಿ. ಚಿನ್ನದ ಮೇಲೆ ಶುದ್ಧತೆ ಖಾತ್ರಿಪಡಿಸುವ ಬಿಐಎಸ್ ಗುರುತು, 18 ಕ್ಯಾರೆಟ್‌ಗೆ 750 ಅನ್ನುವ ಅಂಕಿ, ಆ ಒಡವೆಯ ಗುರುತಿನ ಸಂಖ್ಯೆಯಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದೆಯಾ ನೋಡಿ. ದೊಡ್ಡ ಹರಳಿಗೆ ವರದಿಯ ಸಂಖ್ಯೆಯನ್ನು ಹರಳಿನ ಅಂಚಿನಲ್ಲೇ ಲೇಸರ್‌ನಿಂದ ಬರೆದಿರುತ್ತಾರೆ, ಅದನ್ನು ಭೂತಗನ್ನಡಿಯಲ್ಲಿ ತೋರಿಸಿ ಅಂತ ಕೇಳಿ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವಾದರೆ ಅದೂ ಸ್ಪಷ್ಟವಾಗಿ ಬರೆದಿರಬೇಕು. ಆಕಾರದ ಲೆಕ್ಕ ಅದಕ್ಕೂ ಇದೇ. ಬೆಲೆ ಬಹಳ ಕಡಿಮೆ ಇರುವುದರಿಂದ ದೊಡ್ಡ ಎಮರಾಲ್ಡ್ ಅಥವಾ ಓವಲ್ ಹಾಕುವ ಆಸೆ ಇರುವವರಿಗೆ ಅದು ದಾರಿ. ಮಾರಲು ಹೋದರೆ ಮಾತ್ರ ಕೈಗೆ ಬರುವುದು ತೀರಾ ಕಡಿಮೆ. ಗಣಿಯ ವಜ್ರದಲ್ಲೂ ಎಕ್ಸ್‌ಚೇಂಜ್ ಷರತ್ತು ಎಲ್ಲ ಆಕಾರಕ್ಕೂ ಒಂದೇನಾ ಅಂತ ಕೇಳಿ. ದುಂಡು ಹರಳನ್ನು ವಾಪಸ್ ತೆಗೆದುಕೊಳ್ಳುವವರು ಜಾಸ್ತಿ, ಮಾರ್ಕೀಸ್, ಹೃದಯಾಕಾರಕ್ಕೆ ಗಿರಾಕಿ ಕಮ್ಮಿ.

ಮನೆಯಲ್ಲಿ ಹಳೆಯ ವಜ್ರ ಇದ್ದರೆ

ಎಷ್ಟೋ ಮನೆಗಳಲ್ಲಿ ಅಜ್ಜಿಯ ಓಲೆಯನ್ನು ಬಿಚ್ಚಿಸಿ ಮೊಮ್ಮಗಳಿಗೆ ಉಂಗುರ, ಪದಕ ಮಾಡಿಸುತ್ತಾರೆ. ಒಳ್ಳೆಯ ಕೆಲಸ. ಆ ಹರಳುಗಳು ಇವತ್ತಿನ ಲೆಕ್ಕಕ್ಕೆ ಪೂರ್ತಿ ದುಂಡಾಗಿರುವುದಿಲ್ಲ, ಮುಖಗಳು ದೊಡ್ಡವು, ಕೆಲವದರ ತಳ ಚಪ್ಪಟೆ. 'ಹೊಸ ಕಟ್ ಮಾಡಿಸಿ, ಚೆನ್ನಾಗಿ ಹೊಳೆಯುತ್ತೆ' ಅಂತ ಸಲಹೆ ಬರಬಹುದು. ಬೇಡ. ತೂಕ ಹೋಗುತ್ತದೆ, ಕೈಯಲ್ಲಿ ಹಿಡಿದು ಕೊರೆದ ಆ ಹರಳಿನ ಮೆತ್ತನೆಯ ಬೆಳಕೂ ಹೋಗುತ್ತದೆ, ಎರಡೂ ಮತ್ತೆ ಬರುವುದಿಲ್ಲ. ಹರಳು ಇದ್ದಂತೆಯೇ ಇರಲಿ, ಅದರ ಅಳತೆಗೆ ತಕ್ಕ ಹೊಸ ಒಡವೆ ಮಾಡಿಸಿ. ತಳ ಚಪ್ಪಟೆ ಇರುವವನ್ನು ಬೆಜೆಲ್‌ನಲ್ಲಿ ತಗ್ಗಾಗಿ ಕೂರಿಸಿದರೆ ಉಂಗುರಕ್ಕೆ ಬಹಳ ಒಪ್ಪುತ್ತದೆ. ಓಲೆಯನ್ನು ಬಿಚ್ಚುವಾಗ ಎದುರಿಗೇ ಕೂತಿರಿ. ಒಂದೊಂದೇ ಹರಳನ್ನು ತೂಗಿಸಿ, ಮಿಲಿಮೀಟರ್‌ನಲ್ಲಿ ಅಳೆಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೇಲಿನಿಂದ, ಬದಿಯಿಂದ ಫೋಟೊ ತೆಗೆದುಕೊಳ್ಳಿ. ಅಂಗಡಿಯ ರಸೀದಿಯಲ್ಲಿ ಆ ತೂಕ, ಸಂಖ್ಯೆ ಬರೆಸಿ ಸಹಿ ಹಾಕಿಸಿಕೊಂಡ ಮೇಲೆ ಹರಳು ಕೊಟ್ಟು ಬನ್ನಿ. ಹೊಸ ಒಡವೆ ತರಲು ಹೋಗುವಾಗ ಆ ರಸೀದಿಯೂ ಫೋಟೊಗಳೂ ಕೈಯಲ್ಲಿರಲಿ.